ಬಳೆಗಾರ್ತಿ ಹೊನ್ನಾಜಿಯ ಬರಿಗೈ ವಿದ್ಯೆ

ಬನ್ನಿ, ಕೂತ್ಕೊಳ್ಳಿ. ಹುಣಸೆಹಣ್ಣು ಬಿಡಿಸೋ ಕೈ ಬಿಡಿಸ್ತಾ ಇರಲಿ, ಕಿವಿ ಮಾತ್ರ ನನಗೆ ಕೊಡಿ. ಹೂಂಗುಟ್ಟೋರು ಒಬ್ಬರಾದ್ರೂ ಬೇಕು. ಇಲ್ಲದಿದ್ರೆ ನನ್ನ ಕತೆ ಮುನಿಸ್ಕೊಂಡು ಎದ್ದು ಹೋಗುತ್ತೆ.

ಮೋಡಗಳು ಇನ್ನೂ ನೆಲದ ಮೇಲೇ ನಡ್ಕೊಂಡು ಓಡಾಡ್ತಿದ್ದ ಕಾಲ. ಒಂದು ನಾಡಿತ್ತು. ಅದರ ಹೆಸರು ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಅದು ಯಾವಾಗ್ಲೂ ಮಂಜಿನೊಳಗೇ ಇರ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದ್ರೆ ಮಂಜು ಬೆಕ್ಕಿನ ಹಾಗೆ ಒಳಗೆ ಬಂದು ಒಲೆ ಪಕ್ಕ ಮಲಗ್ತಿತ್ತು. ಅಲ್ಲಿನ ಜನ ಒಬ್ಬರನ್ನೊಬ್ಬರು ಸದ್ದಿನಿಂದಲೇ ಗುರುತು ಹಿಡೀತಿದ್ರು. ಗಂಟೆ ಕೇಳಿದ್ರೆ ಎತ್ತು. ಕೆಮ್ಮು ಕೇಳಿದ್ರೆ ಊರಗೌಡ. ಗಲಗಲ ಅಂದ್ರೆ ಬಳೆಗಾರ್ತಿ ಹೊನ್ನಾಜಿ.

ಹೊನ್ನಾಜಿಗೆ ತಾಯಿ ಇಲ್ಲ, ತಂದೆ ಇಲ್ಲ. ಇದ್ದೋಳು ಒಬ್ಬಳೇ ತಂಗಿ, ದ್ಯಾವಾಜಿ. ಅವಳನ್ನ ಬೆಟ್ಟದ ಆಚೆ ಊರಿಗೆ ಕೊಟ್ಟಿದ್ರು. ಒಂದು ದಿನ ಬೆಟ್ಟದ ಕಡೆಯಿಂದ ಗಾಳಿ ಬೀಸ್ತು. ಆ ನಾಡಿನ ಗಾಳಿ ಆಡಿದ ಮಾತು ಮರೀತಿರಲಿಲ್ಲ, ಹಾಗೇ ತಂದು ಒಪ್ಪಿಸ್ತಿತ್ತು.

"ಅಕ್ಕಾ, ನಂಗೆ ಏಳು ತಿಂಗಳು. ತವರಿನ ಹಸಿರು ಬಳೆ ತೊಡಿಸೋಕೆ ಯಾರಿದ್ದಾರೆ ಹೇಳು, ನಿನ್ನ ಬಿಟ್ರೆ? ನಿನ್ನ ಕೈಲಿ ಬಳೆ ತೊಡದೆ ಹೆರಿಗೆಗೆ ಕೂರೋಕೆ ಭಯ ಆಗುತ್ತೆ ಕಣಕ್ಕಾ. ಬೇಗ ಬಾ."

ಕೇಳಿ ಹೊನ್ನಾಜಿ ಕಣ್ಣು ತುಂಬಿತು. ಹೋಗೋದು ಹೇಗೆ? ಆಚೆಗೆ ಇದ್ದದ್ದು ಒಂದೇ ದಾರಿ, ಎರಡು ಬಂಡೆ ನಡುವಿನ ಸಂದು. ಒಬ್ಬರು ಹೋದ್ರೆ ಇನ್ನೊಬ್ಬರು ಕಾಯ್ಬೇಕು, ಅಷ್ಟು ಕಿರಿದು. ಆ ಸಂದಿನಲ್ಲಿ ಉಡದ ಮಾರ ಅಂತ ಒಬ್ಬ ಸೇರ್ಕೊಂಡಿದ್ದ. ದಾರಿಹೋಕರ ಮಣಿಕಟ್ಟು ಹಿಡೀತಿದ್ದ. ಹಿಡಿದ ಕೈ ಬಿಡ್ತಿರಲಿಲ್ಲ. ಗವಿಗೆ ಎಳ್ಕೊಂಡು ಹೋಗಿ ಜೀವಮಾನವೆಲ್ಲ ಚಾಕರಿ ಮಾಡಿಸ್ತಿದ್ದ.

ಊರಿನ ಗರಡಿಯಲ್ಲಿ ಪೈಲ್ವಾನರಿರಲಿಲ್ಲವೆ? ಇದ್ರು, ಮೂರು ಜನ. ಒಬ್ಬ ಗದೆ ಬೀಸಿದ, ಅದು ಬಂಡೆಗೆ ಬಡಿದು ಅವನ ಹಣೆಗೇ ವಾಪಸ್ ಬಂತು. ಇನ್ನೊಬ್ಬ ದೊಣ್ಣೆ ತಿರುಗಿಸಿದ, ಅದು ಸಂದಿನಲ್ಲಿ ಅಡ್ಡ ಸಿಕ್ಕೊಂಡ್ತು. ಮೂರನೆಯವನು ಹಾರಿ ಒದೆಯೋಕೆ ಹೋದ, ಮೇಲಿನ ಬಂಡೆ ಅವನ ಬುರುಡೆ ಕುಟ್ಟಿತು. ಈಗ ಮೂವರೂ ಮಾರನ ಗವಿಯಲ್ಲಿ ರಾಗಿ ಬೀಸ್ತಿದ್ದಾರೆ. ನಗಬೇಡಿ, ಪಾಪ, ಅವರು ಕಲಿತದ್ದೆಲ್ಲ ಬಯಲಲ್ಲಿ.

ಹೊನ್ನಾಜಿ ಊರ ಕೊನೆಯ ಗುಡಿಸಲಿಗೆ ಹೋದಳು. ಅಲ್ಲಿ ಒಬ್ಬಳು ಅಜ್ಜಿ. ಅವಳು ಚಿಕ್ಕೋಳಾಗಿದ್ದಾಗ ಹಡಗಲ್ಲಿ ಬಂದ ಯಾರೋ ಪರದೇಶಿ ಅವಳಿಗೆ ಬರಿಗೈ ವಿದ್ಯೆ ಕಲಿಸಿದ್ದನಂತೆ. ಕೇಳೇ, ಇಲ್ಲಿ ಕೂತಿರೋ ನನ್ನ ಮೊಮ್ಮಗಳೇ, ನೀನು ಬಿಳಿ ಅಂಗಿ ಹಾಕ್ಕೊಂಡು "ಹಾ, ಹೂ" ಅಂತ ಕರಾಟೆ ಕಲೀತೀಯಲ್ಲ, ಅಂಥದ್ದೇ. ಆದ್ರೆ ಅಜ್ಜಿ ಹಾ ಅಂತಿರಲಿಲ್ಲ, ಹೂ ಅಂತಿರಲಿಲ್ಲ. ಅರೆಗಣ್ಣು ಮುಚ್ಚಿ ತೂಕಡಿಸ್ತಾನೇ ಕಲಿಸ್ತಿದ್ಲು.

"ಹಿಡಿಯೋಕೆ ಬರೋನು ಹತ್ರಾನೇ ಬರ್ತಾನೆ ಕಣವ್ವ. ಹತ್ರದಲ್ಲೇ ಕಲೀಬೇಕು," ಅಂತ ನೆಲದ ಮೇಲೆ ಮೊರದಗಲ ಜಾಗದ ಸುತ್ತ ಬೂದಿ ಗೆರೆ ಎಳೆದಳು. "ಇದ್ರೊಳಗೆ ನಿಂತ್ಕೊ. ಆಚೆ ಕಾಲಿಟ್ರೆ ಮತ್ತೆ ಮೊದಲಿಂದ."

ಮೊದಲ ಏಳು ದಿನ ಮೊಣಕೈ. ತೂಗುಹಾಕಿದ ರಾಗಿ ಹೊಟ್ಟಿನ ಮೂಟೆ ಮುಖದ ಹತ್ತಿರವೇ ಇರ್ತಿತ್ತು. ಕೈ ಚಾಚೋ ಹಾಗಿಲ್ಲ, ಸೊಂಟ ತಿರುಗಿಸಿ ಮೊಣಕೈಯಲ್ಲಿ ಗುದ್ದಬೇಕು. ಹೊನ್ನಾಜಿ ಗುದ್ದಿದಳು, ಗುದ್ದಿದಳು, ಗುದ್ದಿದಳು. ಎರಡನೆಯ ಏಳು ದಿನ ಹಿಮ್ಮಡಿ. ಎದುರಿರೋನ ಪಾದ ಎಲ್ಲಿದೆ ಅಂತ ನೋಡದೇ ತಿಳಿದು ತುಳೀಬೇಕು. ತುಳಿದಳು, ತುಳಿದಳು, ತುಳಿದಳು. ಮಲಗಿದ್ರೆ ಕನಸಲ್ಲೂ ಅದೇ. ಕನಸಲ್ಲಿ ಮಂಜಿನ ಜೊತೆ ಹೋರಾಡ್ತಿದ್ಲು, ಮಂಜು ನಗ್ತಾ ಪಕ್ಕಕ್ಕೆ ಸರೀತಿತ್ತು. ಎದ್ದು ನೋಡಿದ್ರೆ ಮೊಣಕೈ ಮಾತ್ರ ನಿಜವಾಗ್ಲೂ ಕೆಂಪಗಿರ್ತಿತ್ತು.

ಮೂರನೆಯ ಏಳು ದಿನ? ಅಲ್ಲೇ ತೊಡಕು. ಅಜ್ಜಿ ಅವಳ ಮಣಿಕಟ್ಟು ಹಿಡಿದು, "ಬಿಡಿಸ್ಕೊ" ಅಂದಳು. ಹೊನ್ನಾಜಿ ಹಿಂದಕ್ಕೆ ಜಗ್ಗಿದಳು, ಪಕ್ಕಕ್ಕೆ ಜಗ್ಗಿದಳು, ಹಲ್ಲು ಕಚ್ಚಿ ಜಗ್ಗಿದಳು. ಅಜ್ಜಿಗೆ ನಿದ್ದೆ ಬಂತು, ಗೊರಕೆ ಬಂತು, ಪಟ್ಟು ಮಾತ್ರ ಸಡಿಲ ಆಗಲಿಲ್ಲ. ಏಳನೆಯ ದಿನ ಹೊನ್ನಾಜಿ ಅತ್ತೇಬಿಟ್ಟಳು. "ನನ್ನ ತಂಗಿ ಕಾಯ್ತಿದ್ದಾಳೆ ಅಜ್ಜಿ. ನಂಗೆ ಈ ವಿದ್ಯೆ ಬರೋದಿಲ್ಲ."

ಅಜ್ಜಿ ಕಣ್ಣು ತೆರೆಯದೇ, "ಅಳೋದು ಆಮೇಲೆ. ನಿನ್ನ ಬಳೆ ಮಲಾರದಿಂದ ನಂಗೊಂದು ಬಳೆ ತೊಡಿಸು," ಅಂದಳು.

ಹೊನ್ನಾಜಿ ಕಣ್ಣೊರೆಸ್ಕೊಂಡು ಬಳೆಯ ಗೊಂಚಲು ಬಿಚ್ಚಿದಳು. ಅಜ್ಜಿಯ ಕೈ ಕಟ್ಟಿಗೆ ಥರ ಸೆಟೆದಿತ್ತು. "ಕೈ ಬಿಗೀಬೇಡಿ ಅಜ್ಜಿ, ಬಿಟ್ಟುಕೊಡಿ. ನಿಮ್ಮ ತವರು ಯಾವೂರು?" ಅಂದಳು. ಅಜ್ಜಿ ಅವ್ವನ ಮನೆಯ ಜಗುಲಿ, ಬಾವಿ, ಸಂಪಿಗೆ ಮರ ಅಂತ ಹೇಳ್ತಾ ಹೋದಳು. ಹೇಳ್ತಿರುವಾಗಲೇ ಹೊನ್ನಾಜಿ ಅವಳ ಹೆಬ್ಬೆರಳನ್ನ ಕಿರುಬೆರಳ ಬುಡಕ್ಕೆ ಮಡಿಸಿ ಒತ್ತಿದಳು. ಬಳೆ ಸರ್ ಅಂತ ಇಳೀತು.

"ಹೀಗೆ ಎಷ್ಟು ಜನಕ್ಕೆ ತೊಡಿಸಿದ್ದೀಯ?"

"ಸಾವಿರ ಜನಕ್ಕೆ ಅಜ್ಜಿ."

"ಸಾವಿರ ಕೈ ಸಣ್ಣದು ಮಾಡಿದ್ದೀಯ. ನಿನ್ನ ಕೈಗೆ ಒಂದು ಸಲನಾದ್ರೂ ಅದನ್ನ ಹೇಳಿದ್ದೀಯಾ? ನೋಡು, ಹಿಡಿದ ಮುಷ್ಟಿಯಲ್ಲಿ ನಾಲ್ಕು ಬೆರಳು ಗೋಡೆ, ಹೆಬ್ಬೆರಳು ಬಾಗಿಲು. ಗೋಡೆ ಯಾಕೆ ಗುದ್ದುತ್ತೀಯ?"

ಅವತ್ತು ಹೊನ್ನಾಜಿ ಕೈ ಜಾರಿ ಈಚೆ ಬಂತು. ಮೂರು ಸಲ ಹಿಡಿದ್ರೆ ಮೂರು ಸಲವೂ ಬಂತು. ಖುಷಿಗೆ ಅಜ್ಜಿಯನ್ನ ತಬ್ಬಿಕೊಂಡು ಬೂದಿ ಗೆರೆ ಅಳಿಸೇ ಬಿಟ್ಟಳು.

ಮರುದಿನ ಹಸಿರು ಬಳೆ ಹೊತ್ತು ಹೊರಟಳು. ಸಂದಿನಲ್ಲಿ ಹಾಲಿನಂಥ ಮಂಜು. ಬಂಡೆಗಳು ನಿದ್ದೆಯಲ್ಲಿ ಉಸಿರಾಡೋ ಹಾಗಿತ್ತು. ಮೆಲ್ಲಗೆ ಹೋದ್ರೂ ಬಳೆ ಸುಮ್ಮನಿರ್ತವೆಯೆ? ಗಲಗಲ ಅಂದವು. ಮಂಜಿನೊಳಗಿಂದ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡೀತು.

"ಸಿಕ್ಕಿದ್ಯಲ್ಲ," ಅಂದ ಉಡದ ಮಾರ.

ಹೊನ್ನಾಜಿ ಜಗ್ಗಲಿಲ್ಲ. ಕೈ ಸಡಿಲ ಬಿಟ್ಟಳು. ಒಂದು ಹೆಜ್ಜೆ ಅವನ ಹತ್ತಿರಕ್ಕೇ ಹೋಗಿ, ಗಿರಾಕಿಯನ್ನ ಮಾತಾಡಿಸೋ ದನಿಯಲ್ಲಿ ಕೇಳಿದಳು: "ನಿಮ್ಮವ್ವನ ಊರು ಯಾವುದಣ್ಣ?"

ಮಾರನನ್ನ ಯಾರೂ ಯಾವತ್ತೂ ಹಾಗೆ ಕೇಳಿರಲಿಲ್ಲ. "ನಮ್ಮವ್ವ..." ಅಂದ. ಬಾಯಿ ತೆರೆದ್ಹಾಗೇ ಬೆರಳೂ ಕೂದಲೆಳೆಯಷ್ಟು ತೆರೆದವು. ಅಷ್ಟೇ ಸಾಕಾಯ್ತು. ತನ್ನ ಹೆಬ್ಬೆರಳು ಮಡಿಸಿದಳು, ಅವನ ಹೆಬ್ಬೆರಳಿನ ಬಾಗಿಲ ಕಡೆ ತಿರುಗಿಸಿದಳು, ಕೈ ಸರ್ ಅಂತ ಜಾರಿತು. ಮೊಣಕೈ ಅವನ ಹೊಟ್ಟೆಗೆ ಹೋಯ್ತು, ಹಿಮ್ಮಡಿ ಅವನ ಪಾದದ ಮೇಲೆ ಬಿತ್ತು. ಮಾರ ದೊಪ್ಪಂತ ಕೂತ. ಹೊನ್ನಾಜಿ ಅವನನ್ನ ದಾಟಿ ಆಚೆ ನಿಂತಳು. ಒಂದು ಬಳೆಯೂ ಒಡೆದಿರಲಿಲ್ಲ.

ಮಾರ ತನ್ನ ಖಾಲಿ ಕೈಯನ್ನೇ ನೋಡ್ತಾ ಅಳೋಕೆ ಶುರು ಮಾಡಿದ. "ನಾನು ಎಳೇ ಮಗು ಇದ್ದಾಗ ಇದೇ ಮಂಜಲ್ಲಿ ನಮ್ಮವ್ವನ ಕೈ ತಪ್ಪಿ ಹೋಯ್ತು. ಅವತ್ತಿಂದ ನಾನು ಯಾರ ಕೈಯನ್ನೂ ಬಿಟ್ಟಿಲ್ಲ."

ಹೊನ್ನಾಜಿಗೆ ಅಯ್ಯೋ ಪಾಪ ಅನ್ನಿಸ್ತು. ಆದ್ರೂ ಅವನ ಕೈಗೆ ಎಟುಕದಷ್ಟು ದೂರ ನಿಂತೇ ಪಾಪ ಅಂದ್ಕೊಂಡಳು, ಜಾಣೆ! "ನೀನು ಎಳ್ಕೊಂಡು ಬಂದೋರು ಯಾರೂ ನಿಮ್ಮವ್ವ ಆಗೋದಿಲ್ಲಣ್ಣ. ಗವಿ ಬಾಗಿಲು ತೆಗಿ," ಅಂದಳು. ಮಾರ ಕುಂಟ್ತಾ ಹೋಗಿ ತೆಗೆದ. ಒಳಗಿದ್ದೋರೆಲ್ಲ ಈಚೆ ಬಂದ್ರು. ಪೈಲ್ವಾನರು ಮೂವರೂ ಮೀಸೆ ತುಂಬ ರಾಗಿ ಹಿಟ್ಟು ಮೆತ್ಕೊಂಡು ತಲೆ ತಗ್ಗಿಸಿ ಬಂದ್ರು.

ಹೊನ್ನಾಜಿ ತಂಗಿಯ ಕೈತುಂಬ ಹಸಿರು ಬಳೆ ತೊಡಿಸಿದಳು, ಹೆರಿಗೆ ಆಗೋತನಕ ಅಲ್ಲೇ ಉಳಿದಳು. ಹೆಣ್ಣುಮಗು ಹುಟ್ಟಿತು. ಕಣ್ಣು ಬಿಡೋಕೆ ಮುಂಚೆಯೇ ಅದು ದೊಡ್ಡಮ್ಮನ ಬೆರಳು ಹಿಡ್ಕೊಂಡ್ತು.

"ಬಾರಕ್ಕಾ, ಊಟ ಮಾಡು, ಸಂಜೆ ಆಯ್ತು," ಅಂತ ದ್ಯಾವಾಜಿ ಕರೆದಳು. ಹೊನ್ನಾಜಿ ಏಳಲಿಲ್ಲ. ಆ ಪುಟ್ಟ ಮುಷ್ಟಿಯಲ್ಲಿ ಗೋಡೆ ಎಲ್ಲಿ, ಬಾಗಿಲು ಎಲ್ಲಿ, ಎಲ್ಲ ಅವಳಿಗೆ ಗೊತ್ತಿತ್ತು.

"ಹೇಗೆ ಏಳಲೇ?" ಅಂದಳು. "ಇವಳು ಬಿಡ್ತಾ ಇಲ್ಲ."

ಅವರು ಅಲ್ಲೇ ಕೂತಿದ್ದಾರೆ, ಮಂಜು ಒಲೆ ಪಕ್ಕ ಮಲಗಿದೆ. ಕತೆ ನನ್ನ ಬಾಯಿ ಬಿಡ್ತು, ನಿಮ್ಮ ಕಿವಿ ಹಿಡೀತು. ಬಿಡಿಸ್ಕೊಳ್ಳೋದು ಇನ್ನು ನಿಮಗೆ ಸೇರಿದ್ದು.