ತಾಟಿಗೆ ಬಿದ್ದ ತುಪ್ಪ

ಲಿಂಗಸುಗೂರಿನ ದವಾಖಾನೆಯಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸರದಿ ಕಾಯುತ್ತಿದ್ದ ವಸೀಮಾಳ ಕಿವಿಗೆ ಪಕ್ಕದ ಬೆಂಚಿನ ನೆಗೆಣ್ಣಿಯರ ಮಾತು ಬಿತ್ತು. ಮೈತುಂಬಿದ ಹಿರಿಯಳು ಗಂಗಾದೇವಿ. ಆಗಷ್ಟೇ ಡಾಕ್ಟರ ಕೋಣೆಯಿಂದ ಬಂದ ಕಡ್ಡಿಯಂಥ ಕಿರಿಯಳು ಹುಲಿಗೆಮ್ಮ.

“ಏನಂದ್ರಬೇ?”

“ಮೇದೋಜೀರಕ ಗ್ರಂಥಿ ಕೆಟ್ಟೈತಂತ, ಯಕ್ಕಾ. ಅದರ ರಸ ಸಣ್ಣ ಕರುಳಿಗೆ ಇಳಿದ್ರನ ತುಪ್ಪ ಕರಗಿ ಮೈಗೆ ಹತ್ತತೈತಂತ. ನನಗ ರಸಾನ ಇಳಿವಲ್ದು. ತಿಂದದ್ದು ಹಂಗ ಹೊರಗ ಹೋಗಾಕತ್ತೈತಿ.”

“ಪುಣ್ಯವಂತಿ! ಊರೆಲ್ಲಾ ನಿನ್ನ ಸಣ್ಣ ನಡ ಹೊಗಳತೈತಿ. ನಾ ಗಾಳಿ ಕುಡಿದ್ರೂ ಉಬ್ಬತೀನಿ.”

“ಹೊಟ್ಟಿ ಹಿಂಡೋದು ನನಗ ಗೊತ್ತು. ಹೋಳಿಗಿ ಮ್ಯಾಲ ಅಷ್ಟು ತುಪ್ಪ ಯಾಕ ಸುರೀತಿದ್ದಿ? ಹಿರ್ಯಾಕಿ ಬಡಿಸಿದ್ದು ತಾಟಿನ್ಯಾಗ ಬಿಡಬಾರದಂತ ನುಂಗತಿದ್ದೆ.”

ಗಂಗಾದೇವಿ ಸೆರಗಿನ ತುದಿ ಹೊಸೆದಳು.

“ನೀನೂ ನನ್ನಂಗ ದಪ್ಪ ಆಗಲಿ ಅಂತ.”

“ನಾ ಮಾಯೆ, ಅಕ್ಕರೆ ಅಂತ ತಿಳಿದಿದ್ದೆ!”

“ಆತು ಬಿಡು. ಔಷಧ ಏನು ಕೊಟ್ರು?”

“ಗುಳಿಗಿ ಬರದಾರ. ಆ ರಸಾನ ಅದರಾಗ ಐತಂತ. ಊಟದ ಜೋಡಿ ನುಂಗಿದ್ರ ಮೈ ಹಿಡೀತೈತಂತ.”

“ಖರೇನ ದಪ್ಪ ಆಗತೀಯೇನು?”

“ಹಂಗಂದಾರ.”

ಗಂಗಾದೇವಿ ಚಟ್ಟನೆ ಎದ್ದು ನೆಗೆಣ್ಣಿಯ ಕೈಯಿಂದ ಚೀಟಿ ಕಿತ್ತುಕೊಂಡಳು.

“ಏಳು, ಅಂಗಡಿ ಮುಚ್ಚಿಗಿಚ್ಚ್ಯಾರು. ದಿನಾ ನಾನ ನುಂಗಸ್ತೀನಿ.”

ಕಾಯಿಲೆಯವಳನ್ನು ಹಿಂದೆ ಬಿಟ್ಟು, ಅವಳೇ ಮೊದಲು ಮೆಟ್ಟಿಲಿಳಿದಳು.