ಲಿಟಲ್ ಹಾಬ್‌ವಿಕ್ ಗ್ರಾಮದ ಕೊರಡು ಕಡಿದ ಬಗ್ಗೆ

ಲಿಟಲ್ ಹಾಬ್‌ವಿಕ್ ಗ್ರಾಮದ ಮಹಾಜನರೇ, ಚರ್ಚಿನ ಗಂಟೆಯೇ, ಕೊಳದ ಹಂಸಗಳೇ, ಹಾಗೂ ಇದನ್ನು ಓದಲಿರುವ ಸಮಸ್ತ ನಾಗರಿಕ ಬಂಧುಗಳೇ,

(ಹೇಳಿಕೆ ಹೀಗೆ ಶುರುವಾಗಬಾರದು, ಹೆಸರು ವಿಳಾಸದಿಂದ ಶುರುವಾಗಬೇಕು ಎಂದು ಹೆಡ್ ಕಾನ್ಸ್‌ಟೇಬಲ್ ಸಾಹೇಬರು ತಿಳಿಸಿದ್ದಾರೆ. ಅವರ ಬೆರಳಿಗೆ ನೋವಿರುವ ಕಾರಣ, ‘ನೀವು ಕನ್ನಡ ಬಿ.ಎ. ಅಲ್ವಾ, ನೀವೇ ಬರ್ದು ಕೊಡಿ’ ಎಂದದ್ದರಿಂದ ನಾನೇ ಬರೆಯುತ್ತಿದ್ದೇನೆ. ಒಮ್ಮೆ ಬರೆದದ್ದನ್ನು ಹೊಡೆದು ಹಾಕಬಾರದಂತೆ. ಆದ್ದರಿಂದ ಮೇಲಿನ ಸಾಲು ಹಾಗೇ ಇದೆ.)

ನನ್ನ ಹೆಸರು ಧರ್ಮೇಶ್ ಬಿನ್ ಲೇಟ್ ಸಾಂತಪ್ಪ, ವಯಸ್ಸು 45 ವರ್ಷ, ಉದ್ಯೋಗ ರೆಸಾರ್ಟ್‌ನಲ್ಲಿ ಗೈಡ್, ಸ್ವಂತ ಊರು ಕುಶಾಲನಗರದ ಹತ್ತಿರ, ಹಾಲಿ ವಾಸ ಲಿಟಲ್ ಹಾಬ್‌ವಿಕ್ ರೆಸಾರ್ಟ್‌ನ ನೌಕರರ ಕೊಠಡಿ, ಚೆಟ್ಟಳ್ಳಿ ಹತ್ತಿರ, ಕೊಡಗು ಜಿಲ್ಲೆ. ಠಾಣೆಗೆ ಹಾಜರಾಗಿ ಈ ಮೂಲಕ ನಾನು ತಿಳಿಸುವುದೇನೆಂದರೆ:

ರೆಸಾರ್ಟ್ ಮಾಲೀಕರಾದ ಪರಮೇಶಪ್ಪನವರು, ತಮ್ಮ ಪುರಾತನ ಕೊರಡನ್ನು ತೋಟದ ಕೆಲಸದ ಮುತ್ತಿ ಎಂಬಾಕೆ ದ್ವೇಷದಿಂದ ಕಡಿದು ಹಾಕಿದ್ದಾಳೆ ಎಂದು ದೂರು ಕೊಟ್ಟಿರುತ್ತಾರೆ. ಮುತ್ತಿ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ಕೊರಡು ಪುರಾತನವೇ, ಅವಳು ಅದನ್ನು ಯಾಕೆ ಕಡಿದಳು ಎಂದು ಹೇಳಲು ನನ್ನನ್ನು ಕರೆಸಿರುತ್ತಾರೆ.

ಕೊರಡಿನ ಬಗ್ಗೆ ಹೇಳಬೇಕಾದರೆ ಊರಿನ ಬಗ್ಗೆ ಹೇಳಬೇಕು. ಲಿಟಲ್ ಹಾಬ್‌ವಿಕ್ ಇಂಗ್ಲೆಂಡಿನ ಕುರಿ ಮೇಯುವ ಗುಡ್ಡಗಳ ನಡುವಿನ ಪುಟ್ಟ ಹಳ್ಳಿ. ಮೂವತ್ತೊಂದು ಮನೆ, ಒಂದು ಚರ್ಚು, ಒಂದು ಪಬ್ಬು, ಒಂದು ಕೊಳ. ಒಂದು ಹಂಸದ ಸಲುವಾಗಿ ಅಲ್ಲಿನ ಎರಡು ಮನೆತನಗಳು ಎಂಬತ್ತು ವರ್ಷ ಮಾತು ಬಿಟ್ಟಿದ್ದವು. ಆದರೂ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವು, ಒಬ್ಬರ ಮೇಲೊಬ್ಬರು ಕಣ್ಣಿಡಲು ಅನುಕೂಲವೆಂದು. ಸಾವಿನ ಗಂಟೆ ಬಾರಿಸಿದರೆ ಪ್ರತಿಯೊಬ್ಬರೂ ಕಿಟಕಿಯಲ್ಲಿ ಇಣುಕಿ, ಸತ್ತದ್ದು ತಾವಲ್ಲವೆಂದು ಖಚಿತ ಮಾಡಿಕೊಳ್ಳುತ್ತಿದ್ದರು. ಊರ ನಡುವೆ ಹುಲ್ಲುಹಾಸು, ಅದರ ಮೇಲೆ ಮುನ್ನೂರು ವರ್ಷದ ಕೊರಡು. ಎರಡು ಹಲಗೆ, ನಡುವೆ ಕಾಲು ಸಿಕ್ಕಿಸುವ ತೂತು. ಕುಡುಕರನ್ನೂ, ಜಮೀನ್ದಾರನ ಅಪ್ಪಣೆಯಿಲ್ಲದೆ ಊರು ಬಿಟ್ಟು ಹೊರಟವರನ್ನೂ ಅದರಲ್ಲಿ ಕೂರಿಸುತ್ತಿದ್ದರು. ‘ಕುಡಿದು ಬಂದರೆ ಕೊರಡು, ದುಡಿದು ಬಂದರೆ ರೊಟ್ಟಿ ಎರಡು’ ಎಂದು ಅತಿಥಿಗಳಿಗೆ ಹೇಳುತ್ತೇನೆ. ಇಂಥವು ಇನ್ನೂ ಇವೆ. ಠಾಣೆಯಲ್ಲಿ ಪ್ರಾಸ ಬೇಡ ಎಂದಿದ್ದಾರೆ.

ಸೋಮವಾರಪೇಟೆಯ ಮೆಣಸಿನ ವ್ಯಾಪಾರಿಯಾದ ಪರಮೇಶಪ್ಪನವರು ಟೂರಿನಲ್ಲಿ ಆ ಊರನ್ನು ಕಂಡು, ಮೆಚ್ಚಿ, ಕೊರಡನ್ನು ಹಡಗಿನಲ್ಲಿ ತರಿಸಿ, ತಮ್ಮ ಕಾಫಿ ತೋಟದೊಳಗೆ ಅಂಥದ್ದೇ ಊರು ಕಟ್ಟಿಸಿದರು. ಇಲ್ಲಿ ಚರ್ಚು ಎಂದರೆ ಊಟದ ಹಾಲ್. ಪಬ್ಬಿಗೆ ಲೈಸೆನ್ಸ್ ಇಲ್ಲದ ಕಾರಣ ಕಾಫಿ ಮಾತ್ರ ಸಿಗುತ್ತದೆ. ಹಂಸಗಳು ಕುಶಾಲನಗರ ಸಂತೆಯ ಬಾತುಗಳು. ಮುತ್ತಿ ಜಾಲರಿ ಟೋಪಿ ಹಾಕಿಕೊಂಡು ಅವನ್ನು ಮೇಯಿಸುತ್ತಾಳೆ. ಅವಳದು ಇಂಗ್ಲಿಷ್ ಅಜ್ಜಿಯ ವೇಷವಾದ್ದರಿಂದ ಅತಿಥಿಗಳೆದುರು ಬಾಯಿ ಬಿಡಬಾರದೆಂದು ಅವಳಿಗೆ ಆದೇಶವಿದೆ. ಹುಲ್ಲುಹಾಸಿನ ಅಂಚಿನಲ್ಲಿರುವ ಹಲಸಿನ ಮರವನ್ನು ಮಾತ್ರ ಇಂಗ್ಲಿಷ್ ಮರ ಎನ್ನಲು ನನಗೆ ಬಾಯಿ ಬರಲಿಲ್ಲ.

ದಿನಾಂಕ 14-07-2024ರ ಭಾನುವಾರ ಮಧ್ಯಾಹ್ನ 3:40ರ ಸುಮಾರಿಗೆ ಮೈಸೂರಿನ ಅತಿಥಿಗಳಿಗೆ ಮೇಲಿನ ಚರಿತ್ರೆ ಹೇಳಿ, ರೂಢಿಯಂತೆ ಕೊರಡಿಗೆ ಎರಡೂ ಕಾಲು ಕೊಟ್ಟು ಕುಳಿತೆ. ಮೇಲಿನ ಹಲಗೆ ಮುಚ್ಚಿ ಅವರು ಫೋಟೊ ತೆಗೆಯುವುದು, ಆಮೇಲೆ ನಾನು ಹಲಗೆ ಎತ್ತಿ ಏಳುವುದು ಕ್ರಮ. ವಾರದಿಂದ ಬಿಡದೆ ಸುರಿದ ಮಳೆಗೆ ಮರ ಉಬ್ಬಿತ್ತು. ಅತಿಥಿಯೊಬ್ಬರು ಹಲಗೆಯ ಮೇಲೇ ಕೂತು ಫೋಟೊ ತೆಗೆಸಿಕೊಂಡರು. ಅವರ ತೂಕ ನನಗೆ ತಿಳಿಯದು, ಹಲಗೆಗೆ ತಿಳಿಯಿತು. ಅವರು ಎದ್ದರು, ಹಲಗೆ ಏಳಲಿಲ್ಲ. ನಾಲ್ಕು ಜನ ಹಿಡಿದೆಳೆದರೂ ಬರಲಿಲ್ಲ.

ಅಷ್ಟರಲ್ಲಿ ಜೀಪ್ ಡ್ರೈವರ್ ನವೀನ್‌ಕುಮಾರ್ ಹಾರ್ನ್ ಹೊಡೆಯುತ್ತಾ, ‘ಆನೆ ಬಂತು, ಎಲ್ಲಾ ಒಳಗ್ ಹೋಗಿ’ ಎಂದು ಕೂಗಿದನು. ಅತಿಥಿಗಳು ಚರ್ಚಿಗೆ ಓಡಿ ಬಾಗಿಲು ಹಾಕಿಕೊಂಡರು. ನಾನೂ ಓಡಲು ಎದ್ದೆ, ಕಾಲು ಬರಲಿಲ್ಲ. ಒಂಟಿ ಸಲಗ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರಗಳ ನಡುವಿನಿಂದ ಬಂದು, ನನ್ನಿಂದ ಸುಮಾರು ನಲವತ್ತು ಅಡಿ ದೂರದ ಹಲಸಿನ ಕೆಳಗೆ ನಿಂತು ಹಣ್ಣು ಕೆಡವತೊಡಗಿತು. ಮಾಲೀಕರು ಪಬ್ಬಿನ ಬಾಲ್ಕನಿಯಿಂದ, ಅಲ್ಲಾಡಬೇಡ ಎಂದು ಕೂಗಿ ಹೇಳಿದರು. ಅಲ್ಲಾಡುವ ಸೌಲಭ್ಯ ನನಗಿರಲಿಲ್ಲ. ಚರ್ಚಿನ ಕಿಟಕಿಯಿಂದ ಅತಿಥಿಯೊಬ್ಬರು, ‘ಗೈಡೇ, ಇದೂ ಪ್ಯಾಕೇಜಲ್ಲಿ ಸೇರಿದ್ಯಾ?’ ಎಂದು ವಿಚಾರಿಸಿದರು.

ಆಗ ಮುತ್ತಿ ಬೇಲಿಯ ಹಿಂದಿನಿಂದ ಬಗ್ಗಿಕೊಂಡು ಬಂದಳು. ತಲೆಯ ಮೇಲೆ ಜಾಲರಿ ಟೋಪಿ, ಕೈಯಲ್ಲಿ ತೋಟದಲ್ಲಿ ಕೊಂಬೆ ಕಡಿಯುವ ಕತ್ತಿ.

‘ಕಾಲ್ ಬೇಕಾ, ಮರ ಬೇಕಾ, ಬೇಗ ಹೇಳಣ್ಣ’ ಎಂದಳು.

ಮರ ಸಾವ್ಕಾರರದ್ದು ಎಂದು ನನ್ನ ಬಾಯಿಂದ ಬಂತು.

‘ಕಾಲಾದ್ರೂ ನಿಂದು ತಾನೆ?’

ಬಾಲ್ಕನಿಯಿಂದ ಮಾಲೀಕರು, ‘ಏ ಮುತ್ತಿ, ಅದನ್ನ ಮುಟ್ಬೇಡ, ಹಗ್ಗ ತರಿಸ್ತೀನಿ’ ಎಂದರು. ಅವಳು ಅತ್ತ ನೋಡಲಿಲ್ಲ. ಆನೆ ಹಲಸು ಅಗಿಯುವಾಗ ಇವಳು ಕಡಿಯುವುದು, ಆನೆ ಅಗಿಯುವುದು ನಿಲ್ಲಿಸಿದರೆ ಇವಳೂ ಕತ್ತಿ ತಡೆಯುವುದು. ಒಮ್ಮೆ ಆನೆ ಕಿವಿ ಅಗಲಿಸಿ ನಮ್ಮ ಕಡೆ ತಿರುಗಿ ಬಹಳ ಹೊತ್ತು ನಿಂತಿತು. ಮುತ್ತಿಯ ಕೈ ನನ್ನ ಮೊಣಕಾಲಿನ ಮೇಲಿತ್ತು. ಕೊನೆಗೆ ಹಲಗೆ ಸೀಳಿತು. ಇಬ್ಬರೂ ತೆವಳಿ ಬಾತಿನ ಗೂಡು ಸೇರಿದೆವು.

ಗೂಡಿನಲ್ಲಿ ಅವಳು ಟೋಪಿ ಹಿಂಡುತ್ತಾ, ‘ದಿನಾ ಆ ಊರಿನ್ ಕತೆ ಹೇಳ್ತೀಯಲ್ಲ, ಅಲ್ಲಿ ಆನೆ ಬರಲ್ವಾ?’ ಎಂದು ಕೇಳಿದಳು. ಬರುವುದಿಲ್ಲ ಎಂದೆ. ‘ಮತ್ತೆ ಅಲ್ಲಿ ಜನ ಯಾರಿಗೆ ಹೆದ್ರುತಾರೆ?’ ಎಂದಳು.

ಆನೆ ಹೋದ ಮೇಲೆ ಮಾಲೀಕರು ಕೆಳಗಿಳಿದು ಬಂದು ಮೊದಲು ಕೊರಡನ್ನು, ಆಮೇಲೆ ನನ್ನ ಕಾಲನ್ನು ನೋಡಿದರು.

ಈ ದಿನ ಬೆಳಿಗ್ಗೆ ಜೀಪಿನಲ್ಲಿ ಠಾಣೆಗೆ ಬರುವಾಗ ಮಾಲೀಕರು, ಕಾಲು ಸಿಕ್ಕಿಕೊಂಡಿರಲಿಲ್ಲ, ಮುತ್ತಿ ಹಳೇ ದ್ವೇಷದಿಂದ ಕಡಿದಳು ಎಂದು ಬರೆಯಲು ಹೇಳಿದರು. ‘ಹೇಳೋದೇ ನಿನ್ನ ಕೆಲ್ಸ ಅಲ್ವೇನೋ? ನಾಲ್ಕು ವರ್ಷದಿಂದ ಅಲ್ಲಿ ಹೇಳಿದೀಯ, ಇವತ್ತೊಂದಿನ ಇಲ್ಲಿ ಹೇಳು’ ಎಂದರು. ನನ್ನ ಹೆಂಡತಿ ರಂಜಿತಾ ಅದೇ ರೆಸಾರ್ಟ್‌ನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ನಮಗೆ ಬೇರೆ ಮನೆ ಇಲ್ಲ. ಇದನ್ನು ಮಾಲೀಕರು ಬಾಯಿಬಿಟ್ಟು ಹೇಳಲಿಲ್ಲ, ರಂಜಿತಾ ಹೇಗಿದ್ದಾಳೆ ಎಂದು ಮಾತ್ರ ಕೇಳಿದರು. ಆಗಲಿ ಸಾವ್ಕಾರ್ರೆ ಎಂದೆ. ಈಗ ಅವರು ಬಾಗಿಲಲ್ಲಿ ಕೂತಿದ್ದಾರೆ. ನಾನೆಷ್ಟು ಬರೆದೆ ಎಂದು ಎರಡು ಸಲ ಇಣುಕಿದರು.

ಇಲ್ಲಿಯವರೆಗೆ ಬರೆದು ನೀರು ಕುಡಿದಿದ್ದೇನೆ.

ಸಾಹೇಬರೇ, ಲಿಟಲ್ ಹಾಬ್‌ವಿಕ್ ಎಂಬ ಊರೇ ಇಲ್ಲ. ಮಾಲೀಕರು ಟೂರಿನಿಂದ ತಂದ ಫೋಟೊಗಳನ್ನು ನೋಡಿ ಹೆಸರಿನಿಂದ ಹಿಡಿದು ಹಂಸದ ಜಗಳದವರೆಗೆ ಎಲ್ಲ ಕಟ್ಟಿದವನು ನಾನು. ಹಡಗಿನಲ್ಲಿ ಏನೂ ಬರಲಿಲ್ಲ. ಕೊರಡು ನಮ್ಮ ತೋಟದ್ದೇ ಸಿಲ್ವರ್ ಮರ, ಮಾಡಿದ್ದು ಬಡಗಿ ಚೆನ್ನಯ್ಯ. ಹಸಿ ಮರ, ಒಂದು ಬೇಸಿಗೆ ಒಣಗಲಿ ಎಂದು ಅವನು ಹೇಳಿದರೂ ಕೇಳದೆ ಮಾಡಿಸಿದೆವು. ಜೀಪಿನ ಹಳೇ ಆಯಿಲ್ ಬಳಿದು ಅದಕ್ಕೆ ಮುನ್ನೂರು ವರ್ಷ ಬರಿಸಿದ್ದು ನಾನೇ. ಆ ಹುಲ್ಲುಹಾಸಿನ ಜಾಗದಲ್ಲಿ ಮೊದಲಿದ್ದದ್ದು ತೋಟದ ಕೂಲಿಯವರ ಲೈನ್ ಮನೆಗಳು. ಮುತ್ತಿ ಹುಟ್ಟಿದ್ದು ಅಲ್ಲಿ. ಅವನ್ನು ಕೆಡವಿದ್ದಕ್ಕೆ ಅವಳಿಗೆ ದ್ವೇಷವಿದೆಯೇ ಎಂದರೆ ಇರಬಹುದು, ನನಗಾದರೆ ಇರುತ್ತಿತ್ತು. ಆದರೆ ನಿನ್ನೆ ಅವಳು ಕತ್ತಿ ಹಿಡಿದು ಬಂದದ್ದು ನನ್ನ ಕಾಲಿಗಾಗಿ.

ಮೇಲೆ ಬರೆದದ್ದರಲ್ಲಿ ಊರಿನ ಚರಿತ್ರೆ ಪೂರ್ತಿ ಸುಳ್ಳು, ಮುತ್ತಿಯ ವಿಚಾರ ಪೂರ್ತಿ ನಿಜ. ಇದ್ದ ಒತ್ತಾಯಕ್ಕೆ ವಿರುದ್ಧವಾಗಿ, ಸ್ವಂತ ಬುದ್ಧಿಯಿಂದ ಬರೆದು ಸಹಿ ಮಾಡಿರುತ್ತೇನೆ. ಅವಳನ್ನು ಮನೆಗೆ ಕಳಿಸಿ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 15-07-2024
ಸಹಿ: ಧರ್ಮೇಶ್ ಎಸ್.