ಕಿಟಕಿಯ ಕೆಳಗಿನ ನೆರಳು

ಅಷ್ಟೂ ಸತ್ತುಹೋದ್ವಾ? ಒಂದೂ ಉಳಿಲಿಲ್ವಾ? ಅಯ್ಯೋ ಪಾಪ... ಬನ್ನಿ ಅಕ್ಕ, ನಿಂತುಕೊಂಡೇ ಯಾಕೆ, ಆ ಗೊಬ್ಬರದ ಚೀಲದ ಮೇಲೆ ಕೂತ್ಕೊಳ್ಳಿ. ಕುರ್ಚಿ ಇಲ್ಲ ಅಂತಲ್ಲ, ಅದರ ಮೇಲೆ ಸಸಿ ಇಟ್ಟಿದ್ದೀನಿ. ನರ್ಸರಿಯಲ್ಲಿ ಮೊದಲು ಗಿಡಕ್ಕೆ ಜಾಗ, ಆಮೇಲೆ ನೆಂಟರಿಗೆ.

ಬಟ್ಟೆ ಕೊಳೆಯಾಗಲ್ಲ. ಒಣ ಗೊಬ್ಬರ, ಕೊಡವಿದ್ರೆ ಹೋಗುತ್ತೆ. ಹಾಂ, ಹಾಗೆ.

ಈಗ ಹೇಳಿ. ಹೋದ ಸಲ ಕೊಟ್ಟಿದ್ದು ಪಿಟೂನಿಯಾ. ಅದಕ್ಕೂ ಮುಂಚೆ ಜಿನಿಯಾ, ಅದಕ್ಕೂ ಮುಂಚೆ ಗಜಾನಿಯಾ. ಹೇಗೆ ಹೋದ್ವು? ಮೊದಲು ಹೂವು ನಿಲ್ತು... ಹೂಂ... ಕಾಂಡ ಬಿಳಚಿಕೊಂಡು ಕಡ್ಡಿ ಥರ ಉದ್ದ ಆಯ್ತು... ಆಮೇಲೆ ಬುಡ ಕೊಳೀತು. ನಿಧಾನವಾಗಿ ಹೇಳಿ ಅಕ್ಕ, ನನಗೇನೂ ಅವಸರ ಇಲ್ಲ.

ನಗ್ತಾ ಇಲ್ಲ. ಬಿಸಿಲಲ್ಲಿ ನಿಂತೂ ನಿಂತೂ ಮುಖವೇ ಹೀಗಾಗಿದೆ.

ಆ ಜಾಗ ನನಗೆ ಗೊತ್ತಿಲ್ವಾ? ಮನೆಯ ಹಿಂದೆ, ದೊಡ್ಡ ಮರದ ಕೆಳಗೆ, ಎರಡು ಗೋಡೆ ಸೇರೋ ಮೂಲೆ. ಕಿರಿ ಸೊಸೆಯಾಗಿ ಹನ್ನೊಂದು ವರ್ಷ ಆ ಮನೆಯ ಬಟ್ಟೆ ಒಗೆದವಳು ನಾನು. ಅಲ್ಲಿ ಒಣಹಾಕಿದ್ದು ಎರಡು ದಿನ ಆದ್ರೂ ತೇವ ಬಿಡ್ತಿರಲಿಲ್ಲ.

ಏನಂದ್ರಿ? ಇನ್ನೊಂದ್ ಸಲ ಹೇಳಿ... ಕೈಗುಣ ಸರಿಯಿಲ್ಲ ಅಂದ್ರಾ?

ಹಾಗೆಲ್ಲ ಅನ್ನಬಾರದು ಅಕ್ಕ. ಅಂದರೆ ಅದು ಹೋಗಿ ಎಲ್ಲೋ ಕೂತುಬಿಡುತ್ತೆ. ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ನೆನಪಿದೆ. ನಿಮ್ಮ ಪಾಪು ಹುಟ್ಟಿ ಹತ್ತು ದಿನ. ನೀವು ಮಂಚದ ಮೇಲೆ, ಅತ್ತೆ ಕಾಲ ಹತ್ತಿರ, ಪಕ್ಕದ ಮನೆಯವರೂ ಇದ್ರು. ನಾನು ಎರಡು ಸಲ ಹೊಟ್ಟೆಯಲ್ಲೇ ಕಳ್ಕೊಂಡವಳು. ಎರಡನೇದು ಹೋಗಿ ಇನ್ನೂ ನಾಲ್ಕೇ ತಿಂಗಳಾಗಿತ್ತು. ಆದರೂ ಹೊಟ್ಟೆಕಿಚ್ಚು ಪಡದೆ, ಕೈ ತೊಳ್ಕೊಂಡು, ಬಿಸಿನೀರಲ್ಲಿ ತೊಳ್ಕೊಂಡು, ಮಗು ಎತ್ಕೊಳ್ಳೋಕೆ ಕೈ ಚಾಚಿದೆ. ನೀವು ಮಗುವನ್ನ ಆ ಕಡೆ ತಿರುಗಿಸ್ಕೊಂಡ್ರಿ. ಬೈಯಲಿಲ್ಲ. ನಗ್ತಾನೇ ಅಂದ್ರಿ: "ಬೇಡ ಕಣೇ, ನಿನ್ನ ಕೈಯಲ್ಲಿ ಯಾವುದೂ ನಿಲ್ಲಲ್ಲ."

ಪಕ್ಕದ ಮನೆಯವರು ನೆಲ ನೋಡಿದ್ರು. ಅತ್ತೆ ಹೌದೌದು ಅಂದ್ರು.

ಹಳೇ ಮಾತು ಬಿಡಿ ಅಂತೀರಾ? ಬಿಟ್ಟೇ ಇದ್ದೀನಿ. ಬಿಡದೇ ಇದ್ದಿದ್ರೆ ನಿಮಗೆ ಗಿಡ ಕೊಡ್ತಿದ್ನಾ? ಆದರೆ ಒಂದು ಕೇಳಿ. ಪಾಪುಗೆ ಐದು ವರ್ಷ ಇದ್ದಾಗ ಅವಳು ನಿಮ್ಮನ್ನ ಕೇಳಿದ್ಲು, ಚಿಕ್ಕಮ್ಮ ನನ್ನ ಯಾಕೆ ಎತ್ಕೊಳ್ಳಲ್ಲ ಅಂತ. ಅಡುಗೆಮನೆಯ ಬಾಗಿಲ ಹಿಂದೆ ನಾನಿದ್ದೆ. ಚಿಕ್ಕಮ್ಮಂಗೆ ಮಕ್ಕಳಂದ್ರೆ ಆಗಲ್ಲ ಅಂದ್ರಿ ನೀವು. ಆಮೇಲೆ ಆ ಮಗು ನನ್ನ ಕಂಡರೆ ಗೋಡೆಗೆ ಒರಗಿಕೊಂಡು ದಾಟೋದು. ನಾವು ಬೇರೆ ಮನೆ ಮಾಡೋವರೆಗೂ ಹಾಗೇ.

ಹೋಗಲಿ. ಈ ಸಲ ಸಾಲ್ವಿಯಾ ತಗೊಳ್ಳಿ. ಕೆಂಪು ನೋಡಿ, ಕಣ್ಣು ಕುಕ್ಕುತ್ತೆ. ಮೂಲೆ ಬೆಳಗಿಬಿಡುತ್ತೆ.

ಯಾವುದು? ಆ ಹಸಿರು ಬಲೆಯ ಕೆಳಗಿರೋದಾ? ಅದು ಕೋಲಿಯಸ್. ಆ ಗುಲಾಬಿ ಎಲೆಯದು ಕೆಲೇಡಿಯಂ, ಅದರಾಚೆ ಬಿಗೋನಿಯಾ. ಚೆನ್ನಾಗಿವೆ, ನಿಜ. ಆದರೆ ನಿಮ್ಮ ಜಾಗಕ್ಕೆ ಆಗಲ್ಲ. ಬೇರೆಯವರು ಹೇಳಿಟ್ಟಿದ್ದಾರೆ ಕೂಡ. ನಾನು ಹೇಳ್ತೀನಲ್ಲ, ಸಾಲ್ವಿಯಾ. ನೀವು ದಿನಾ ಬೆಳಗ್ಗೆ ನೀರು ಹಾಕಿ, ನಿಮ್ಮ ಕೈಯಾರೆ...

ನೀವಲ್ವಾ? ಮತ್ತೆ ಯಾರು ನೆಡೋದು?

ಪಾಪುನಾ?

ಇಲ್ಲ, ಕೈಗೆ ಪೆಟ್ಟಾಯ್ತು ಅಂತ ಕೇಳಿದ್ದೆ. ಅವಳು ಕೆಲಸ ಮಾಡೋ ಪ್ರೆಸ್ಸಿನಲ್ಲಿ, ಕಾಗದ ಕತ್ತರಿಸೋ ಮೆಷಿನ್ನಿಗೆ ಸಿಕ್ಕಿತು ಅಂತ. ವಾಸಿಯಾಯ್ತು ಅಂದ್ಕೊಂಡಿದ್ದೆ... ಮೂರು ಬೆರಳು ಮಡಿಸೋಕೇ ಆಗಲ್ವಾ? ಬಲಗೈನಾ?

ಮಣ್ಣು ಕಲೆಸೋಕೆ ಡಾಕ್ಟರ್ ಹೇಳಿದ್ರಾ. ಬೆರಳಿಗೆ ಬಲ ಬರ್ಲಿ ಅಂತ... ಹೂಂ, ಹೇಳ್ತಾರೆ, ಒಳ್ಳೇದೇ ಅದು. ಆದರೆ ಆ ಮೂಲೆ ಯಾಕೆ? ಅವಳ ಕಿಟಕಿಯ ಕೆಳಗೆ. ಸರಿ. ಹೊರಗೆಲ್ಲೂ ಹೋಗಲ್ಲ, ಅದೊಂದೇ ಜಾಗ.

ಅಂದ್ರೆ ಜಿನಿಯಾ ಅವಳು ನೆಟ್ಟಿದ್ದು. ಪಿಟೂನಿಯಾನೂ. ಆ ಕೈಯಲ್ಲಿ.

ಕೈಗುಣ ಅಂತ ಈಗ ಹೇಳಿದ್ದು... ಅದು ನಿಮ್ಮ ಮಾತಲ್ಲ. ಅವಳು ಹೇಳೋದಾ? ಯಾವಾಗಿಂದ? ಮಣ್ಣು ಮುಟ್ಟೋದೇ ಬಿಟ್ಟುಬಿಟ್ಟಿದ್ದಾಳಾ... ಕೈಯನ್ನ ಹೊದಿಕೆಯ ಒಳಗೇ ಇಟ್ಕೊಂಡು ಕೂತಿರ್ತಾಳಾ.

ಅಕ್ಕ, ಆ ಸಾಲ್ವಿಯಾ ಕೆಳಗಿಡಿ.

ಇಡಿ ಅಂದ್ನಲ್ಲ. ಅದು ಬೇಡ. ಬಲೆಯ ಕೆಳಗಿಂದ ತೆಗೆದುಕೊಡ್ತೀನಿ. ಕೋಲಿಯಸ್ ಎಷ್ಟು ಬೇಕಾದ್ರೂ ಇದೆ, ಯಾರೂ ಹೇಳಿಟ್ಟಿಲ್ಲ. ಕಡ್ಡಿ ಮುರಿದು ಚುಚ್ಚಿದ್ರೂ ಬೇರು ಬಿಡುತ್ತೆ, ಕೈಯಲ್ಲಿ ಬಲ ಬೇಡ. ಬಿಗೋನಿಯಾಗೆ ನೀರು ಕಡಿಮೆ ಹಾಕೋಕೆ ಹೇಳಿ. ನೆರಳಲ್ಲೇ ಬಣ್ಣ ಏರೋದು ಇವಕ್ಕೆ. ಬಿಸಿಲು ಬಿದ್ದರೆ ಎಲೆ ಸುಡುತ್ತೆ...

ಯಾಕೆ ಹಾಗೆ ನೋಡ್ತೀರಿ?

ಹೌದು, ಈಗ ತಾನೇ ಆಗಲ್ಲ ಅಂದೆ.

ಏನಾದ್ರೂ ಕೇಳಿ ಅಕ್ಕ. ಕೇಳಿದ್ರೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದು... ಆ ಜಿನಿಯಾದ ಸಾಲು ನೋಡಿ ಏನು ಮಾಡ್ತೀರಿ? ಹೌದು, ನಡು ಬಿಸಿಲಲ್ಲೇ ಇಟ್ಟಿದ್ದೀನಿ. ಪಿಟೂನಿಯಾನೂ ಬಿಸಿಲಲ್ಲೇ. ಹತ್ತು ವರ್ಷ ಗಿಡ ಮಾರಿದವಳಿಗೆ ಇವು ನೆರಳಲ್ಲಿ ಬದುಕಲ್ಲ ಅನ್ನೋದು ಗೊತ್ತಿರಲ್ವಾ ಅಂತ ತಾನೇ ನೋಡ್ತಿರೋದು?

ಗೊತ್ತಿದ್ದೇ ಕೊಟ್ಟೆ.

ಮೂರು ಸಲವೂ ಗೊತ್ತಿದ್ದೇ ಕೊಟ್ಟೆ. ಮೊಗ್ಗು ತುಂಬಿರೋದನ್ನೇ ಆರಿಸಿ ಕೊಟ್ಟೆ, ಹದಿನೈದು ದಿನ ಆಸೆ ಹುಟ್ಟಿಸಿ ಆಮೇಲೆ ಸಾಯ್ಲಿ ಅಂತ. ನೀವು ಸತ್ತ ಗಿಡದ ಮುಂದೆ ಕೂತು ನಿಮ್ಮ ಕೈಯನ್ನ ನೀವೇ ತಿರುಗಿಸಿ ತಿರುಗಿಸಿ ನೋಡ್ಕೋಬೇಕು, ನಾನು ನೋಡ್ಕೊಂಡ ಹಾಗೆ. ಅಷ್ಟೇ ಬೇಕಿತ್ತು ನನಗೆ. ಅದನ್ನ ನೆನೆಸ್ಕೊಂಡೇ ನಿದ್ದೆ ಮಾಡ್ತಿದ್ದೆ. ಅಲ್ಲಿ ಕೂತಿದ್ದವಳು ಅವಳು ಅಂತ ನನಗೇನು ಗೊತ್ತು...

ಬೈಯಿರಿ. ಬೈದರೆ ನಾನೂ ನಾಲ್ಕು ಮಾತು ಅಂತೀನಿ.

ಕ್ಷಮೆ ಕೇಳಲ್ಲ ನಿಮ್ಮನ್ನ. ನಿಮಗೆ ಮಾಡಿದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ, ಇವತ್ತಿಗೂ ಇಲ್ಲ. ಅವಳನ್ನ ಕೇಳ್ತೀನಿ. ಈಗಲೇ ಬರ್ತೀನಿ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ ಮಗಳೇ, ಸಾಯೋ ಗಿಡ ಆರಿಸಿ ಕಳಿಸಿದವಳು ನಾನು ಅಂತ ನನ್ನ ಬಾಯಿಂದಲೇ ಹೇಳ್ತೀನಿ. ಯಾಕೆ ಅಂತ ಕೇಳ್ತಾಳೆ. ಕೇಳೇ ಕೇಳ್ತಾಳೆ. ಅದನ್ನ ಹೇಳೋದು ನೀವು. ಮಂಚದ ಮೇಲೆ ಕೂತು ಏನಂದ್ರಿ, ಚಿಕ್ಕಮ್ಮ ಯಾಕೆ ಎತ್ಕೊಳ್ಳಲಿಲ್ಲ, ಅಷ್ಟನ್ನೂ. ನಾನು ಪಕ್ಕದಲ್ಲೇ ನಿಂತಿರ್ತೀನಿ. ಒಂದು ಅಕ್ಷರ ನುಂಗಿದ್ರೂ ಗೊತ್ತಾಗುತ್ತೆ ನನಗೆ.

ಏಳಿ. ಆ ಬುಟ್ಟಿ ಎತ್ಕೊಳ್ಳಿ. ಕಣ್ಣು ಒರೆಸ್ಕೊಳ್ಳಿ ಮೊದಲು. ಅಳೋದಿದ್ರೆ ಅಲ್ಲಿಗೆ ಬಂದು, ಅವಳ ಮುಂದೆ ಅಳಿ. ಇಲ್ಲಿ ಬೇಡ ಅಕ್ಕ. ಇಲ್ಲಿ ಅತ್ತರೆ ನನಗೆ ಸಂತೋಷ ಆಗಿಬಿಡುತ್ತೆ.